ಅವಳಿ ಕರು ಹಾಕಿದ ಹಸು ಒಂದನ್ನು ಮಾತ್ರ ಹತ್ತಿರ ಸೇರಿಸುತ್ತಿದೆ, ಇನ್ನೊಂದನ್ನು ಹಾಯುತ್ತಿದೆ

ತೆಂಗಿನ ನೆರಳು (ಚನ್ನರಾಯಪಟ್ಟಣದ ಕಡೆ) · ಮಂಗಳವಾರ, ಬೆಳಗ್ಗೆ 5.50

ಎಲ್ಲರಿಗೂ ನಮಸ್ಕಾರ. ರಾತ್ರಿಯಿಡೀ ನಿದ್ದೆಯಿಲ್ಲ, ಬರೆದದ್ದು ಹಿಂದುಮುಂದಾಗಿದ್ದರೆ ಕ್ಷಮಿಸಿ. ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು, ಎರಡನೆಯ ಸೂಲು. ಲೆಕ್ಕದ ಪ್ರಕಾರ ಇನ್ನೂ ಹತ್ತು ದಿನ ಇತ್ತು. ರಾತ್ರಿ ಒಂದೂಕಾಲಿಗೆ ಒಂದು ಹೆಣ್ಗರು ಹಾಕಿತು. ಚಿಕ್ಕದು, ಆದರೆ ಚುರುಕಾಗಿತ್ತು. ಮುಗಿಯಿತು ಎಂದುಕೊಂಡು ಕೈ ತೊಳೆಯುತ್ತಿದ್ದಾಗ ಹಸು ಮತ್ತೆ ಮುಕ್ಕರಿಯತೊಡಗಿತು. ಎರಡು ಗಂಟೆ ದಾಟಿದ ಮೇಲೆ ಇನ್ನೊಂದು ಬಂತು, ಅದು ಹೋರಿಗರು. ನಮ್ಮ ಮನೆಯಲ್ಲಿ ಅವಳಿ ಕರು ಹುಟ್ಟಿದ್ದು ಇದೇ ಮೊದಲು.

ಹೋರಿಗರುವನ್ನು ಹಸು ಚೆನ್ನಾಗಿ ನೆಕ್ಕಿ ಎಬ್ಬಿಸಿದೆ. ಹೆಣ್ಗರುವನ್ನು ಹತ್ತಿರ ತಂದರೆ ಮೂಸಿ ನೋಡಿ ಬುಸ್ಸೆನ್ನುತ್ತದೆ, ತಲೆ ತಗ್ಗಿಸಿ ಹಾಯುತ್ತದೆ. ಕೆಚ್ಚಲಿಗೆ ಬಿಟ್ಟರೆ ಒದೆಯುತ್ತದೆ. ಒಮ್ಮೆ ಕರು ಗೋಡೆಗೆ ಹೋಗಿ ಬಿದ್ದಿತು. ಕರುವಿನ ಹಿಂದೆ ಬೀಳಬೇಕಾದ ಮಾಸು ಇನ್ನೂ ಬಿದ್ದಿಲ್ಲ. ಮಾಸು ಬೀಳುವವರೆಗೆ ಹಾಲು ಕರೆಯಬಾರದು ಎಂದು ಅಪ್ಪ ಹೇಳುತ್ತಿದ್ದಾರೆ. ನನಗಂತೂ ಹೆಣ್ಗರುವನ್ನೇ ಉಳಿಸಿಕೊಳ್ಳಬೇಕು, ತಾಯಿ ದಿನಕ್ಕೆ ಹದಿನಾರು ಲೀಟರ್ ಕೊಟ್ಟ ಹಸು. ಏನು ಮಾಡಲಿ?

ನಿವೃತ್ತ ಪಶುವೈದ್ಯ · ಬೆಳಗ್ಗೆ 6.05

ಮೊದಲು ಎದ್ದು ಹೋಗಿ ಹಾಲು ಕರೆಯಿರಿ, ಆಮೇಲೆ ಇಲ್ಲಿ ಬರೆಯಿರಿ. ಮಾಸಿಗೂ ಗಿಣ್ಣು ಹಾಲಿಗೂ ಸಂಬಂಧವಿಲ್ಲ. ಸಂಬಂಧ ಇದೆ ಎನ್ನುವುದಾದರೆ ಅದು ತಿರುಗುಮುರುಗು: ಕರು ಚೀಪಿದಾಗ, ಕೆಚ್ಚಲಿಗೆ ಕೈ ಹಾಕಿದಾಗ ಬರುವ ಹಾರ್ಮೋನು ಗರ್ಭಕೋಶವನ್ನೂ ಹಿಂಡುತ್ತದೆ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ, ನಲವತ್ತು ವರ್ಷ ಇದೇ ಮಾತಿನ ಜೊತೆ ನಾನು ಜಗಳವಾಡಿದ್ದೇನೆ ಎಂದೂ ಹೇಳಿ.

ಮನುಷ್ಯರ ಕೂಸಿಗೆ ಹೊಟ್ಟೆಯೊಳಗೇ ತಾಯಿಯ ರೋಗನಿರೋಧಕ ಅಂಶ ಸಿಗುತ್ತದೆ, ಕರುವಿಗೆ ಸಿಗುವುದಿಲ್ಲ. ಹಸುವಿನ ಮಾಸಿನ ರಚನೆ ಅದನ್ನು ದಾಟಿಸುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ, ಅದಕ್ಕೆ ಬೇಕಾದದ್ದೆಲ್ಲ ಗಿಣ್ಣಿನಲ್ಲಿದೆ. ಆ ಗಿಣ್ಣನ್ನು ಹಾಗೆಯೇ ರಕ್ತಕ್ಕೆ ಸೇರಿಸುವ ಬಾಗಿಲು ಕರುಳಿನಲ್ಲಿ ಮೊದಲ ಆರು ಗಂಟೆ ಅಗಲವಾಗಿ ತೆರೆದಿರುತ್ತದೆ, ಇಪ್ಪತ್ನಾಲ್ಕು ಗಂಟೆಗೆ ಮುಚ್ಚಿಯೇ ಹೋಗುತ್ತದೆ. ನಿಮ್ಮ ಹೆಣ್ಗರುವಿಗೆ ಈಗ ಐದು ಗಂಟೆ ಕಳೆಯುತ್ತಾ ಬಂತು.

ತೂಕದ ಹತ್ತನೇ ಒಂದು ಪಾಲು ಲೆಕ್ಕ. ಅವಳಿಯಾದ್ದರಿಂದ ಇಪ್ಪತ್ತು ಕಿಲೋ ಇರಬಹುದು, ಅಂದರೆ ಎರಡು ಲೀಟರ್. ನಿಪ್ಪಲ್ ಇರುವ ಬಾಟಲಿಯಲ್ಲಿ ಕೊಡಿ. ಹೋರಿಗರುವಿಗೂ ಅಷ್ಟೇ ಕೊಡಿ, ತಾಯಿ ಹತ್ತಿರವೇ ಇದೆ, ಕುಡಿದಿರುತ್ತದೆ ಎಂದು ನಂಬಬೇಡಿ. ಮೊದಲ ಕರೆತದ ಹಾಲೇ ಎಲ್ಲಕ್ಕಿಂತ ಗಟ್ಟಿ, ಅದನ್ನೇ ಇಬ್ಬರಿಗೂ ಹಂಚಿ. ಗೊಟ್ಟದಲ್ಲಿ (ಔಷಧ ಕುಡಿಸುವ ಬಿದಿರಿನ ಕೊಳವೆ) ಮಾತ್ರ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋದರೆ ಕರು ಉಳಿಯುವುದಿಲ್ಲ. ಬಾಟಲಿ ಚೀಪುವ ಶಕ್ತಿಯೇ ಇಲ್ಲದಿದ್ದರೆ 1962ಕ್ಕೆ ಫೋನ್ ಮಾಡಿ ಪಶು ಚಿಕಿತ್ಸಾ ವಾಹನವನ್ನು ಕರೆಸಿ.

ತೆಂಗಿನ ನೆರಳು · ಬೆಳಗ್ಗೆ 7.20

ಡಾಕ್ಟರೇ, ಐದೂವರೆ ಲೀಟರ್ ಸಿಕ್ಕಿತು. ಹೆಣ್ಗರು ಒಂದೇ ಉಸಿರಿಗೆ ಒಂದೂವರೆ ಲೀಟರ್ ಕುಡಿಯಿತು, ಸ್ವಲ್ಪ ಹೊತ್ತು ಬಿಟ್ಟು ಉಳಿದರ್ಧ. ಹೋರಿಗರು ಸಹ ಎರಡು ಲೀಟರ್ ಮುಗಿಸಿತು! ತಾಯಿಯ ಹತ್ತಿರ ಇಷ್ಟು ಹೊತ್ತು ಏನು ಮಾಡುತ್ತಿತ್ತೋ. ಅಪ್ಪ ಮಾತನಾಡುತ್ತಿಲ್ಲ, ಆದರೆ ಬಾಟಲಿ ಹಿಡಿದಿದ್ದು ಅವರೇ.

ಶಿರಸಿ ಕೊಟ್ಟಿಗೆ · ಬೆಳಗ್ಗೆ 8.15

ತಮ್ಮಾ, ಒಂದು ಮಾತು ಕೇಳಬೇಕು. ಮೊದಲು ಹುಟ್ಟಿದ ಕರುವನ್ನು ನೀನು ಎಲ್ಲಿಟ್ಟಿದ್ದೆ? ನಲವತ್ತು ವರ್ಷದಲ್ಲಿ ನಾನು ನೋಡಿದ್ದು ಇಷ್ಟು: ತಾನು ಈದ ಕರುವನ್ನು ಹಸು ಸುಮ್ಮಸುಮ್ಮನೆ ದೂಡುವುದಿಲ್ಲ. ಚೊಚ್ಚಲಾದರೆ ಹೆದರಿಕೆಯಿಂದ ದೂಡಬಹುದು. ಕೆಚ್ಚಲು ಬಾತು ನೋಯುತ್ತಿದ್ದರೆ ಒದೆಯಬಹುದು. ನಿನ್ನದು ಎರಡನೆಯ ಸೂಲು, ಹೋರಿಗರುವನ್ನು ಕುಡಿಯಲು ಬಿಡುತ್ತಿದೆ. ಹಾಗಾದರೆ ನೋವಲ್ಲ, ಹೆದರಿಕೆಯೂ ಅಲ್ಲ. ಈ ಕರು ತನ್ನದು ಎಂದೇ ಅದಕ್ಕೆ ತಿಳಿದಿಲ್ಲ.

ತೆಂಗಿನ ನೆರಳು · ಬೆಳಗ್ಗೆ 8.40

ಅಮ್ಮಾ, ನಿಜ ಹೇಳಿಬಿಡುತ್ತೇನೆ. ರಾತ್ರಿ ಮಳೆ ಸುರಿಯುತ್ತಿತ್ತು. ಕೊಟ್ಟಿಗೆಯ ಒಂದು ಮೂಲೆ ಸೋರುತ್ತದೆ. ಕರು ಚಿಕ್ಕದು, ನಡುಗುತ್ತಿತ್ತು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಪೂರ್ತಿ ಒರೆಸಿ, ಗೋಣಿಚೀಲದಲ್ಲಿ ಉಜ್ಜಿ, ಒಳಗೆ ಒಲೆಯ ಹತ್ತಿರ ಮಲಗಿಸಿದೆವು. ಮಗಳು ತನ್ನ ಹಳೆಯ ಶಾಲು ಹೊದಿಸಿದಳು. ತಿರುಗಿ ಕೊಟ್ಟಿಗೆಗೆ ತಂದದ್ದು ನಾಲ್ಕು ಗಂಟೆಗೆ. ಹಸು ಅದನ್ನು ನೆಕ್ಕಿತ್ತೇ ಎಂದು ಕೇಳಿದರೆ, ಇಲ್ಲ. ಹಗ್ಗ ಗಿಡ್ಡವಾಗಿತ್ತು, ಕರು ಹಿಂದೆ ಮೋರಿಯ ಕಡೆ ಬಿದ್ದಿತ್ತು.

ಶಿರಸಿ ಕೊಟ್ಟಿಗೆ · ಬೆಳಗ್ಗೆ 9.00

ಅಲ್ಲಿಗೆ ಗೊತ್ತಾಯಿತಲ್ಲ. ಹಸು ಕರುವನ್ನು ಗುರುತಿಸುವುದು ಮೂಗಿನಿಂದ. ಈದ ಕೂಡಲೇ ಆ ಲೋಳೆಯನ್ನು ನೆಕ್ಕುತ್ತಾ ನೆಕ್ಕುತ್ತಾ ಇದು ನನ್ನದು ಎಂದು ಗಂಟು ಹಾಕಿಕೊಳ್ಳುತ್ತದೆ. ನೀನು ಆ ವಾಸನೆಯನ್ನು ಬಿಸಿನೀರಿನಲ್ಲಿ ತೊಳೆದು, ಒಲೆಯ ಹೊಗೆಯನ್ನೂ ಶಾಲಿನ ಸಾಬೂನನ್ನೂ ಮೆತ್ತಿ ತಂದೆ. ಅಷ್ಟರಲ್ಲಿ ಅದಕ್ಕೆ ಇನ್ನೊಂದು ಕರು ಸಿಕ್ಕಿತ್ತು. ನಿನ್ನ ಹೆಣ್ಗರು ಅದರ ಮಟ್ಟಿಗೆ ನೆರೆಮನೆಯ ಕರು.

ಬೈಯುತ್ತಿಲ್ಲ. ಚಳಿಯಲ್ಲಿ ಬಿಟ್ಟಿದ್ದರೆ ಸಾಯುತ್ತಿತ್ತೇನೋ. ಆದರೆ ನಮ್ಮ ಕಡೆ ಕೊಟ್ಟಿಗೆಗಳನ್ನು ನೋಡು. ಹಸುವಿನ ಮುಖ ಗೋದಲಿಗೆ, ಹಗ್ಗ ಒಂದೂವರೆ ಮೊಳ, ಕರು ಬೀಳುವುದು ಹಿಂದೆ. ಪಾಪದ ಪ್ರಾಣಿ ತಿರುಗಿ ನೋಡುವುದಕ್ಕೂ ಆಗದು. ಒಂದೇ ಕರುವಾದರೆ ಯಾರಾದರೂ ಎತ್ತಿ ಮುಂದೆ ಇಡುತ್ತಾರೆ, ನಡೆದುಹೋಗುತ್ತದೆ. ಅವಳಿಯಾದಾಗ ನಮ್ಮ ಹಗ್ಗದ ಅಳತೆ ಬಯಲಾಗುತ್ತದೆ.

ನಿವೃತ್ತ ಪಶುವೈದ್ಯ · ಬೆಳಗ್ಗೆ 9.30

ಅಮ್ಮ ಹೇಳಿದ್ದಕ್ಕೆ ನನ್ನದೂ ಒಂದು ಗೆರೆ ಸೇರಿಸುತ್ತೇನೆ. ಬಯಲಿನಲ್ಲಿ ಮೇಯುವ ಹಸುಗಳಲ್ಲೂ ಅವಳಿಯಾದಾಗ ಒಂದು ಹಿಂದುಳಿಯುವುದುಂಟು. ಎರಡನೆಯದರ ನೋವು ಬಂದಾಗ ಹಸು ಎದ್ದು ಬೇರೆ ಕಡೆ ಹೋಗಿ ಮಲಗುತ್ತದೆ. ಮೊದಲನೆಯದು ಅಲ್ಲೇ ಉಳಿಯುತ್ತದೆ, ಇಲ್ಲವೇ ತಡವರಿಸುತ್ತಾ ಇನ್ನೆಲ್ಲೋ ಹೋಗುತ್ತದೆ. ಹಸುವಿಗೆ ಎಣಿಕೆ ಬರುವುದಿಲ್ಲ. ಕಾಲ ಬುಡದಲ್ಲಿ ಒಂದು ಕರು ಇದ್ದರೆ ಅದಕ್ಕೆ ಸಾಕು.

ಇನ್ನೊಂದು ಪರೀಕ್ಷೆ ಮಾಡಿ: ಕಿವಿ ಮುಟ್ಟಿ ನೋಡಿ. ತಣ್ಣಗಿದ್ದು, ಹಸು ಮಂಕಾಗಿ, ಕತ್ತನ್ನು ಪಕ್ಕಕ್ಕೆ ತಿರುಗಿಸಿ ಮಲಗುತ್ತಿದ್ದರೆ ಹಾಲು ಜ್ವರ, ಅಂದರೆ ಕ್ಯಾಲ್ಸಿಯಂ ಕೊರತೆ. ಅವಳಿ ಈದ ಹಸುಗಳಿಗೆ ಇದರ ಅಪಾಯ ಹೆಚ್ಚು. ಹೆಸರಿನಲ್ಲಿ ಜ್ವರ ಇದ್ದರೂ ಮೈ ತಣ್ಣಗಾಗುವ ಕಾಯಿಲೆ. ಆ ಸ್ಥಿತಿಯಲ್ಲಿರುವ ಹಸು ಕರುವನ್ನು ನೋಡಲಿಲ್ಲ ಎಂದರೆ ಅದು ತಾತ್ಸಾರವಲ್ಲ.

ತೆಂಗಿನ ನೆರಳು · ಬೆಳಗ್ಗೆ 9.45

ಕಿವಿ ಬೆಚ್ಚಗಿದೆ ಡಾಕ್ಟರೇ, ಹಿಂಡಿ ಬೂಸಾ ತಿಂದಿದೆ.

ಗೋಕಾಕ ಎಮ್ಮೆಗಾರ · ಬೆಳಗ್ಗೆ 11.10

ನಮ್ಮಲ್ಲಿ ಎಮ್ಮೆ. ಎಮ್ಮೆಯಲ್ಲಿ ಅವಳಿ ಬಲು ಅಪರೂಪ, ನಾನು ನೋಡಿಯೇ ಇಲ್ಲ. ಆದರೆ ಕರು ಒಲ್ಲದ ಎಮ್ಮೆಯನ್ನು ಒಪ್ಪಿಸಿದ್ದೇನೆ. ಕರುವಿನ ಬೆನ್ನಿಗೆ, ಬಾಲದ ಬುಡಕ್ಕೆ ಉಪ್ಪು ಬೆರೆಸಿದ ಹಿಟ್ಟು ಸವರಿ ಮುಂದೆ ನಿಲ್ಲಿಸಬೇಕು. ಉಪ್ಪಿನಾಸೆಗೆ ನೆಕ್ಕುತ್ತದೆ. ಒಂದು ಸಾರಿ ನಾಲಿಗೆ ಆಡಿತು ಅಂದರೆ ಅರ್ಧ ಕೆಲಸ ಆದಂತೆ. ಬೆಲ್ಲದ ನೀರನ್ನೂ ಹಚ್ಚುತ್ತಾರೆ, ಆದರೆ ಇರುವೆ ಮುತ್ತುತ್ತವೆ, ನಾನು ಹಚ್ಚುವುದಿಲ್ಲ.

ನಮ್ಮ ಅಜ್ಜನ ಕಾಲದಲ್ಲಿ ಕರು ಸತ್ತರೆ ಅದರ ಚರ್ಮದೊಳಗೆ ಹುಲ್ಲು ತುಂಬಿ ಎಮ್ಮೆಯ ಮುಂದೆ ಇಡುತ್ತಿದ್ದರು, ಸೊರೆ ಬಿಡಲಿ ಎಂದು. ನೋಡಲು ಭಯವಾಗುತ್ತಿತ್ತು. ಆದರೆ ಎಮ್ಮೆ ನೆಕ್ಕುತ್ತಿತ್ತು, ಹಾಲು ಇಳಿಸುತ್ತಿತ್ತು. ಅದಕ್ಕೆ ಕಣ್ಣಿಗಿಂತ ಮೂಗೇ ದೊಡ್ಡದು.

ಹೊಸ ಹೈನುಗಾರ (ಕೋಲಾರ) · ಮಧ್ಯಾಹ್ನ 12.30

ಇಷ್ಟೆಲ್ಲ ಯಾಕೆ ಅಣ್ಣ? ಹಾಲಿನ ಹಸು ಸಾಕುವವರಿಗೆ ತಾಯಿ ಒಪ್ಪುವುದು ಬಿಡುವುದು ಮುಖ್ಯವೇ? ನಾನು ಹದಿನಾಲ್ಕು ಹಸು ಸಾಕಿದ್ದೇನೆ, ಎಲ್ಲ ಕರುಗಳೂ ಮೊದಲ ದಿನದಿಂದ ಬಕೆಟ್ಟಿನಲ್ಲೇ. ಎರಡು ಬೆರಳು ಬಾಯಿಗಿಟ್ಟು ಹಾಲಿನ ಪಾತ್ರೆಗೆ ಮುಸುಡಿ ಬಗ್ಗಿಸಿದರೆ ಎರಡು ದಿನದಲ್ಲಿ ಕಲಿಯುತ್ತವೆ. ಎಷ್ಟು ಕುಡಿಯಿತು ಎಂಬ ಲೆಕ್ಕವೂ ಸಿಗುತ್ತದೆ. ಒದೆಸಿಕೊಂಡು ಕಾಲು ಮುರಿಸಿಕೊಳ್ಳುವುದಕ್ಕಿಂತ ಅದು ವಾಸಿ.

ಕ್ಯಾಂಟರ್‌ಬರಿ ಕನ್ನಡಿಗ · ಮಧ್ಯಾಹ್ನ 1.15

ನ್ಯೂಜಿಲೆಂಡಿನ ಹೈನು ಫಾರ್ಮಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಜುಲೈ, ಆಗಸ್ಟ್ ತಿಂಗಳಲ್ಲಿ ನೂರಾರು ಹಸು ಒಟ್ಟಿಗೇ ಈಯುತ್ತವೆ, ಒಂದು ದಿನದೊಳಗೆ ಕರುಗಳನ್ನು ಎತ್ತಿ ತಂದು ಸಾಲು ಮೊಲೆಗಳಿರುವ ತೊಟ್ಟಿಯಲ್ಲಿ ಕುಡಿಸುತ್ತೇವೆ. ಯಾವುದು ಯಾರ ಕರು ಎಂಬುದು ಕಿವಿಯ ಓಲೆಯಲ್ಲಿ ಮಾತ್ರ. ಕೋಲಾರದವರ ಮಾತು ಲೆಕ್ಕಕ್ಕೆ ಸರಿ. ಆದರೆ ನಾವು ತೊಟ್ಟಿಯಲ್ಲಿ ಕುಡಿಸುವಾಗ ಹಸು ಯಂತ್ರಕ್ಕೆ ಸೊರೆ ಬಿಡಲು ಪಳಗಿರುತ್ತದೆ. ಊರಿನಲ್ಲಿ ನಮ್ಮ ಅಮ್ಮನ ಹಸು ಕರು ಬಿಡದೆ ಒಂದು ಲೋಟವನ್ನೂ ಕೊಡುತ್ತಿರಲಿಲ್ಲ.

ಶಿರಸಿ ಕೊಟ್ಟಿಗೆ · ಮಧ್ಯಾಹ್ನ 2.00

ಬಕೆಟ್ಟಿನವರಿಗೆ: ನೆಕ್ಕುವುದು ಬರೀ ಮುದ್ದಲ್ಲ. ನೆಕ್ಕಿದಾಗ ಕರುವಿನ ಮೈ ಒಣಗುತ್ತದೆ, ರಕ್ತ ಓಡುತ್ತದೆ, ಉಚ್ಚೆ ಸಗಣಿ ಸರಾಗವಾಗುತ್ತದೆ. ತಾಯಿ ನೆಕ್ಕದಿದ್ದರೆ ಆ ಕೆಲಸವನ್ನು ನೀವು ಒಣಹುಲ್ಲಿನಲ್ಲಿ ಉಜ್ಜಿ ಮಾಡಬೇಕು. ಮಾಡುತ್ತೀರಾ? ಹದಿನಾಲ್ಕಕ್ಕೂ?

ಹೊಸ ಹೈನುಗಾರ · ಮಧ್ಯಾಹ್ನ 2.10

ಮಾಡುತ್ತೇನೆ ಅಮ್ಮ. ಹದಿನಾಲ್ಕಕ್ಕೂ. ನನ್ನ ಹೆಂಡತಿ ಮಾಡುತ್ತಾಳೆ ಎಂದರೆ ಹೆಚ್ಚು ನಿಜ.

ನಿವೃತ್ತ ಪಶುವೈದ್ಯ · ಮಧ್ಯಾಹ್ನ 3.40

ಎರಡು ದಾರಿಯೂ ದಾರಿಯೇ. ಕರುಗಳು ಸಾಯುವುದು ಎರಡರ ನಡುವೆ ನಿಂತಾಗ. ತಾಯಿ ಸ್ವಲ್ಪ ಬಿಡುತ್ತಿದೆ, ಕರು ಮೊಲೆಗೆ ಬಾಯಿ ಹಾಕಿದ್ದನ್ನು ನೋಡಿದೆವು, ಮುಸುಡಿ ಒದ್ದೆಯಾಗಿದೆ, ಹಾಗಾದರೆ ಹೊಟ್ಟೆ ತುಂಬಿದೆ ಎಂದು ಬಾಟಲಿ ನಿಲ್ಲಿಸುತ್ತಾರೆ. ಮೂರನೆಯ ದಿನ ಕರು ಮೇಲೇಳುವುದಿಲ್ಲ. ಆದ್ದರಿಂದ ಒಪ್ಪಿಸುವ ಪ್ರಯತ್ನ ನಡೆಯುತ್ತಲೇ ಇರಲಿ, ಹಾಲು ಮಾತ್ರ ಅಳತೆಯಲ್ಲಿ ನಿಮ್ಮ ಕೈಯಿಂದಲೇ ಹೋಗಲಿ: ದಿನಕ್ಕೆ ಎರಡು ಲೀಟರಿನ ಆಸುಪಾಸು, ಮೂರು ಸಲವಾಗಿ, ಹಸುವಿನ ಮೈಬಿಸಿಯಷ್ಟು ಬೆಚ್ಚಗೆ. ದಿನ ಕಳೆದಂತೆ, ಭೇದಿ ಇಲ್ಲದಿದ್ದರೆ, ಹೆಚ್ಚಿಸುತ್ತಾ ಹೋಗಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಅದ್ದಿದಿರಾ? ಇಲ್ಲದಿದ್ದರೆ ಈಗಲೇ.

ಒಪ್ಪಿಸುವುದಕ್ಕೆ ಹಸುವನ್ನು ಹೊಡೆಯಬೇಡಿ. ಕರುವಿನ ವಾಸನೆ ಬಂದಾಗಲೆಲ್ಲ ಪೆಟ್ಟು ಬಿದ್ದರೆ ಅದು ಕಲಿಯುವುದು ಏನನ್ನು, ಯೋಚಿಸಿ. ಬೂಸಾ ಇಟ್ಟು, ಒಬ್ಬರು ಕತ್ತಿನ ಹತ್ತಿರ ನಿಂತು, ಅದು ಒಪ್ಪಿರುವ ಹೋರಿಗರುವನ್ನು ಎಂದಿನ ಪಕ್ಕದಲ್ಲಿ ಮೊಲೆಗೆ ಬಿಡಿ. ಸೊರೆ ಇಳಿದ ಮೇಲೆ ಹೆಣ್ಗರುವನ್ನು ಹಿಂದಿನಿಂದ, ಎರಡು ಕಾಲುಗಳ ನಡುವೆ ಬಿಡಿ. ಹಸು ಮೂಸುವುದು ಪಕ್ಕದಲ್ಲಿರುವ ಕರುವಿನ ಬಾಲದ ಬುಡವನ್ನು. ಅಲ್ಲಿ ತನ್ನದೇ ವಾಸನೆ ಸಿಕ್ಕಿದರೆ ಹಿಂದೆ ಯಾರಿದ್ದಾರೆ ಎಂದು ವಿಚಾರಿಸುವುದಿಲ್ಲ.

ತೆಂಗಿನ ನೆರಳು · ಗುರುವಾರ, ರಾತ್ರಿ 9.00

ಎರಡು ದಿನದ ವರದಿ. ಮಾಸು ಇಪ್ಪತ್ನಾಲ್ಕು ಗಂಟೆಯಾದರೂ ಬೀಳಲಿಲ್ಲ. ಎಳೆದುಬಿಡುತ್ತೇನೆ ಎಂದು ಊರಿನ ಒಬ್ಬರು ತೋಳು ಮಡಚಿಕೊಂಡು ಬಂದರು, ಬೇಡವೆಂದು ಕೈಮುಗಿದು ಕಳಿಸಿದೆ. ಪಶುವೈದ್ಯರು ಬಂದು ಜ್ವರ ನೋಡಿ ಔಷಧ ಕೊಟ್ಟರು, ಅವರೂ ಎಳೆಯಲಿಲ್ಲ. ಅವಳಿ ಈದ ಹಸುವಿನಲ್ಲಿ ಮಾಸು ನಿಲ್ಲುವುದು ಸಾಮಾನ್ಯ, ಜ್ವರ ಬಂದರೆ, ಮೇವು ಬಿಟ್ಟರೆ ಕೂಡಲೇ ತಿಳಿಸಿ ಎಂದರು.

ಉಪ್ಪು ಹಿಟ್ಟಿನ ಉಪಾಯ: ಹಸು ಮೂರು ಸಲ ನೆಕ್ಕಿ ಉಪ್ಪು ಮುಗಿದ ಮೇಲೆ ಹಾಯ್ದಿತು. ಎರಡೂ ಕರುಗಳನ್ನು ಒಂದೇ ಗೋಣಿಯ ಮೇಲೆ ಮಲಗಿಸುತ್ತಿದ್ದೇವೆ, ಹೋರಿಗರುವಿನ ಮೈ ಉಜ್ಜಿದ ಬಟ್ಟೆಯಲ್ಲೇ ಇದನ್ನೂ ಉಜ್ಜುತ್ತೇವೆ. ಕೆಲಸ ಮಾಡಿದ್ದು ಡಾಕ್ಟರು ಹೇಳಿದ ಹಿಂಬಾಗಿಲು. ಇಂದು ಸಂಜೆ ಮೂರು ನಾಲ್ಕು ನಿಮಿಷ ಒದೆಯದೆ ಕುಡಿಸಿತು. ಬಾಟಲಿ ನಿಲ್ಲಿಸಿಲ್ಲ.

ಹೊಸ ತೊಂದರೆ ಏನೆಂದರೆ, ಹಾಲು ಕುಡಿದ ಮೇಲೆ ಎರಡೂ ಒಂದರ ಕಿವಿ, ಹೊಕ್ಕುಳು ಇನ್ನೊಂದು ಚೀಪುತ್ತಿವೆ.

ಗೋಕಾಕ ಎಮ್ಮೆಗಾರ · ರಾತ್ರಿ 9.20

ಕುಡಿಸಿದ ಮೇಲೆ ಅರ್ಧ ಗಂಟೆ ಬೇರೆ ಬೇರೆ ಗೂಟಕ್ಕೆ ಕಟ್ಟಿ. ಬಾಯಿ ಒರೆಸಿ, ನಾಲಿಗೆಗೆ ಚಿಟಿಕೆ ಉಪ್ಪು. ಹೊಕ್ಕುಳು ಚೀಪಿಸಿಕೊಂಡ ಕರು ಬಾವು ಬಂದು ಸತ್ತದ್ದನ್ನು ನೋಡಿದ್ದೇನೆ.

ನಿವೃತ್ತ ಪಶುವೈದ್ಯ · ರಾತ್ರಿ 10.05

ಒಂದು ವಿಷಯವನ್ನು ಮೊದಲ ದಿನವೇ ಹೇಳಬೇಕಿತ್ತು. ಕರು ಗಿಣ್ಣು ಕುಡಿಯಲಿ, ಉಳಿಯಲಿ ಎಂದು ತಡೆದುಕೊಂಡೆ. ಹೆಣ್ಣು ಗಂಡು ಜೋಡಿಯಾಗಿ ಹುಟ್ಟಿದ ಅವಳಿಯಲ್ಲಿ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೆಣ್ಗರುಗಳು ಗೊಡ್ಡಾಗುತ್ತವೆ. ಇಂಥ ಕರುವಿಗೆ ಫ್ರೀಮಾರ್ಟಿನ್ ಎಂದು ಹೆಸರು.

ಗರ್ಭ ಕಟ್ಟಿದ ಎರಡನೆಯ ತಿಂಗಳಿನ ಹೊತ್ತಿಗೆ ಎರಡೂ ಭ್ರೂಣಗಳ ಮಾಸಿನ ರಕ್ತನಾಳಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಗಂಡಿನ ವೃಷಣ ಮೊದಲು ಕೆಲಸ ಶುರುಮಾಡುತ್ತದೆ, ಅದರ ಹಾರ್ಮೋನು ಹೆಣ್ಣಿನ ರಕ್ತಕ್ಕೂ ಹರಿದು ಅಂಡಾಶಯ, ಗರ್ಭಕೋಶ ಬೆಳೆಯದಂತೆ ತಡೆಯುತ್ತದೆ. ಜಾನ್ ಹಂಟರ್ ಎಂಬ ಶಸ್ತ್ರವೈದ್ಯ 1779ರಲ್ಲೇ ಇಂಥ ಹಸುಗಳನ್ನು ಕೊಯ್ದು ನೋಡಿ ಬರೆದಿದ್ದ, ಕಾರಣವನ್ನು 1916ರಲ್ಲಿ ಫ್ರ್ಯಾಂಕ್ ಲಿಲ್ಲಿ ವಿವರಿಸಿದ. ನಮ್ಮ ಅಜ್ಜಂದಿರು ಏನನ್ನೂ ಕೊಯ್ಯದೆ, ಜೋಡಿಯಲ್ಲಿ ಹುಟ್ಟಿದ ಕಡಸನ್ನು ಕೊಳ್ಳುವಾಗ ಹಿಂದೇಟು ಹಾಕುತ್ತಿದ್ದರು.

ಹೆಣ್ಗರುವಿನ ಯೋನಿಯನ್ನು ನೋಡಿ. ಚಿಕ್ಕದಾಗಿದ್ದು, ಕೆಳಗೆ ಉದ್ದ ಕೂದಲಿನ ಗೊಂಚಲು ಇದೆಯೇ? ಒಂದೆರಡು ವಾರದ ನಂತರ ನಿಮ್ಮ ವೈದ್ಯರು ನುಣುಪಾದ ಕೊಳವೆಗೆ ಜಾರುವ ಔಷಧ ಸವರಿ ಆಳ ನೋಡುತ್ತಾರೆ. ಸಾಮಾನ್ಯ ಕರುವಿನಲ್ಲಿ 12ರಿಂದ 15 ಸೆಂಟಿಮೀಟರ್ ಹೋಗುತ್ತದೆ, ಇಂಥದ್ದರಲ್ಲಿ 5ರಿಂದ 8. ನೀವೇ ಕಡ್ಡಿ ಹಾಕಿ ನೋಡಬೇಡಿ.

ತೆಂಗಿನ ನೆರಳು · ರಾತ್ರಿ 11.30

ಓದಿದೆ ಡಾಕ್ಟರೇ. ಕೂದಲಿನ ಗೊಂಚಲು ಇದೆ.

ಹೊಸ ಹೈನುಗಾರ · ಶುಕ್ರವಾರ, ಬೆಳಗ್ಗೆ 6.30

ಅಣ್ಣ, ಬೇಸರ ಮಾಡಿಕೊಳ್ಳಬೇಡಿ. ಹತ್ತರಲ್ಲಿ ಒಂದು ಉಳಿಯುತ್ತದಲ್ಲ. ಕೊಳವೆಯ ಪರೀಕ್ಷೆ ಆಗುವವರೆಗೆ ಹಾಲು ಕಡಿಮೆ ಮಾಡಬೇಡಿ.

ತೆಂಗಿನ ನೆರಳು · ಮೂರು ವಾರಗಳ ನಂತರ, ಭಾನುವಾರ

ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ. ಮಾಸು ನಾಲ್ಕನೆಯ ದಿನ ತಾನೇ ಬಿತ್ತು, ವಾಸನೆ ಇತ್ತು, ಮತ್ತೊಮ್ಮೆ ಔಷಧವಾಯಿತು. ಹಸು ಈಗ ಹನ್ನೊಂದು ಲೀಟರಿನಲ್ಲಿದೆ. ಎರಡಕ್ಕೂ ಹದಿಮೂರನೆಯ ದಿನ ಜಂತಿನ ಔಷಧ ಹಾಕಿಸಿದೆವು. ಹೋರಿಗರುವಿಗೆ ಎರಡು ದಿನ ಭೇದಿಯಾಯಿತು. ಹಾಲು ನಿಲ್ಲಿಸದೆ ನಡುವೆ ಓಆರ್‌ಎಸ್ ಕೊಟ್ಟೆವು, ಚೇತರಿಸಿಕೊಂಡಿದೆ.

ಕೊಳವೆ ಆರು ಸೆಂಟಿಮೀಟರಿಗೆ ನಿಂತಿತು.

ಲೆಕ್ಕ ಹಾಕಿದರೆ ನಗು ಬರುತ್ತದೆ. ಹೆಣ್ಣು ಎಂದೇ ಅದನ್ನು ಒಲೆಯ ಹತ್ತಿರ ಒಯ್ದಿದ್ದು. ಹೋರಿಯಾಗಿದ್ದರೆ ನಾನು ಅಷ್ಟು ಅವಸರ ಮಾಡುತ್ತಿದ್ದೆನೇ? ಅಲ್ಲೇ ಬಿಟ್ಟಿದ್ದರೆ, ಹಗ್ಗವನ್ನು ಒಂದು ಮೊಳ ಸಡಿಲ ಮಾಡಿದ್ದರೆ, ತಾಯಿ ಎರಡನ್ನೂ ನೆಕ್ಕಿಕೊಳ್ಳುತ್ತಿತ್ತು. ಕರು ಗೊಡ್ಡು ಎಂಬುದು ಬದಲಾಗುತ್ತಿರಲಿಲ್ಲ, ಆದರೆ ನಾನು ಇಪ್ಪತ್ತು ದಿನ ನಸುಕಿನಲ್ಲಿ ಬಾಟಲಿ ಹಿಡಿದು ಕೂರುತ್ತಿರಲಿಲ್ಲ. ಅಪ್ಪ ಹೇಳುವುದು, ಗೊಡ್ಡಾದರೂ ಸಗಣಿ ಹಾಕುತ್ತದೆ, ತೆಂಗಿಗೆ ಗೊಬ್ಬರ ಬೇಡವೇ ಎಂದು. ಬಾಟಲಿಯನ್ನು ಅವರ ಕೈಯಿಂದ ಇನ್ನೂ ಯಾರೂ ಕಿತ್ತುಕೊಳ್ಳಲು ಆಗಿಲ್ಲ. ಸದ್ಯಕ್ಕೆ ಇಟ್ಟುಕೊಂಡಿದ್ದೇವೆ.

ಹಸು ಈಗಲೂ ಅದನ್ನು ನೆಕ್ಕುವುದಿಲ್ಲ. ಹೋರಿಗರು ಪಕ್ಕದಲ್ಲಿದ್ದರೆ ಹಿಂದಿನಿಂದ ಕುಡಿಯಲು ಬಿಡುತ್ತದೆ, ಒಂಟಿಯಾಗಿ ಬಂದರೆ ಕಾಲೆತ್ತುತ್ತದೆ.

ಇನ್ನೊಂದು ಪ್ರಶ್ನೆ. ಮುಂದಿನ ತಿಂಗಳು ಇನ್ನೊಂದು ಹಸು ಈಯುವುದಿದೆ, ಅದು ಚೊಚ್ಚಲು. ಕೊಟ್ಟಿಗೆಯ ಸೋರುವ ಮೂಲೆಗೆ ಶೀಟು ಹಾಕಿಸಿ, ಕಟ್ಟದೆ ಬಿಡುವ ಹಾಗೆ ಗಳು ಕಟ್ಟಿ ಒಂದು ಕೋಣೆ ಮಾಡಬೇಕೆಂದಿದ್ದೇನೆ. ಎಷ್ಟು ಜಾಗ ಬೇಕು?

ನಿವೃತ್ತ ಪಶುವೈದ್ಯ · ಅದೇ ದಿನ

12 ಅಡಿಗೆ 10 ಅಡಿ ಇದ್ದರೆ ಆರಾಮಾಗಿ ತಿರುಗುತ್ತದೆ. ನೆಲಕ್ಕೆ ಒಣಹುಲ್ಲು ದಪ್ಪಗೆ ಹಾಸಿ, ನುಣುಪು ಸಿಮೆಂಟಿನ ಮೇಲೆ ಬಿಡಬೇಡಿ. ಈಯುವ ದಿನಕ್ಕೆ ಒಂದು ವಾರ ಮೊದಲೇ ಬಿಟ್ಟು ಜಾಗ ರೂಢಿಯಾಗಲಿ.

ಶಿರಸಿ ಕೊಟ್ಟಿಗೆ · ಅದೇ ದಿನ

ಗಳುಗಳ ನಡುವೆ ಕರು ನುಸುಳದಷ್ಟು ಸಂದು ಇರಲಿ. ಆ ರಾತ್ರಿ ಒಲೆ ಹಚ್ಚಬೇಡ.

ತೆಂಗಿನ ನೆರಳು · ಅದೇ ದಿನ

ಹಚ್ಚುವುದಿಲ್ಲ ಅಮ್ಮಾ. ಶಾಲನ್ನೂ ಬಚ್ಚಿಟ್ಟಿದ್ದೇನೆ.